ಜಾಡಿಯ ಹೊರಗಿನ ಏಡಿ

ಕಳೆದ ವಾರ ಮಗಳ ಕಾಲೇಜಿನ ಲ್ಯಾಬಿಗೆ ಕಾಲಿಟ್ಟೊಡನೆ ಫಾರ್ಮಲಿನ್ನಿನ ಘಾಟು ಮೂಗಿಗೆ ಬಡಿಯಿತು. ಮಗಳು ಮೂಗು ಮುಚ್ಚಿಕೊಂಡಳು. ನನಗೋ, ಸೋಲದೇವನಹಳ್ಳಿಯ ನಮ್ಮ ಕಾಲೇಜಿನ ಅಟೆಂಡರ್ ಅಣ್ಣ ಎದುರಿಗೇ ಬಂದು ನಿಂತಂತಾಯಿತು…

ಸತ್ತ ಪ್ರಾಣಿಗಳನ್ನು ಕೆಡದಂತೆ ಫಾರ್ಮಲಿನ್ನಿನಲ್ಲಿ ಮುಳುಗಿಸಿಟ್ಟ ಪ್ರಾಣಿಶಾಸ್ತ್ರ ವಿಭಾಗದ ಗಾಜಿನ ಜಾಡಿಗಳೆಲ್ಲ ಅವರ ಸುಪರ್ದಿಯಲ್ಲಿದ್ದವು. ಹೆಸರಘಟ್ಟದ ಕಡೆಯವರು. ಓದಿದ್ದು ಏಳನೇ ಕ್ಲಾಸು. ಆದರೂ ಜಾಡಿಗಳ ಮೇಲಿನ ಲ್ಯಾಟಿನ್ ಹೆಸರುಗಳೆಲ್ಲ ಬಾಯಿಪಾಠ. ಅಚ್ಚುಮೆಚ್ಚಿನದು ಬಂಡೆ ಏಡಿ. ಸಮುದ್ರದಂಚಿನ ಕಲ್ಲುಗಳ ಮೇಲೆ ಬದುಕುವ ಜಾತಿ. ಜಾಡಿಯೊಳಗೆ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ಅದನ್ನು ವಾರವಾರವೂ ಒರೆಸಿಡುತ್ತಿದ್ದ ಅಣ್ಣ ಸಮುದ್ರವನ್ನೇ ಕಂಡಿರಲಿಲ್ಲ.

ಕೊನೆಯ ವರ್ಷ ಗೋಕರ್ಣದ ಕಡೆಗೆ ನಮ್ಮ ಪ್ರವಾಸ. ಅಟೆಂಡರಿಗೆ ಪರ್ಮಿಷನ್ ಇಲ್ಲವೆಂದರು ಪ್ರಿನ್ಸಿಪಾಲರು. "ಅಣ್ಣ ಬರ್ದಿದ್ರೆ ನಾವೂ ಹೋಗಲ್ಲ ಸರ್" ಎಂದು ನಮ್ಮ ಕ್ಲಾಸಿನ ಹನ್ನೊಂದು ಜನವೂ ಅವರ ಕೋಣೆಯ ಮುಂದೆ ಕೂತೆವು. ಮಧ್ಯಾಹ್ನದ ಹೊತ್ತಿಗೆ ಅವರೇ ಸೋತರು. ಅಣ್ಣ ಮದುವೆಯ ಕೋಟು ಹಾಕಿಕೊಂಡು, ನಮಗಿಂತ ಎರಡು ಗಂಟೆ ಮೊದಲೇ ಬಂದು ಬಸ್ಸಿನಲ್ಲಿ ಕೂತಿದ್ದರು!

ನಾವು ಗೋಕರ್ಣದ ದಡ ಸೇರಿದಾಗ ಸಮುದ್ರದ ಇಳಿತದ ಹೊತ್ತು, ನೀರು ಹಿಂದೆ ಸರಿದಿತ್ತು. ಅಣ್ಣ ಸಮುದ್ರಕ್ಕೊಮ್ಮೆ ಕೈಮುಗಿದವರೇ ಬಂಡೆಗಳ ಸಂದಿಯಲ್ಲಿ ಹುಡುಕತೊಡಗಿದರು. ಸ್ವಲ್ಪ ಹೊತ್ತಿಗೆ ಕೂಗು: "ಬನ್ರವ್ವಾ, ನಮ್ದೇ ಇದು!"

ಹಸಿರು ಬೆನ್ನು, ಅದರ ಮೇಲೆ ಬಿಳಿ ಗೆರೆಗಳು, ಇಕ್ಕಳದಂಥ ಕೆಂಪು ಮುಂಗಾಲು… "ಇಷ್ಟೊಂದ್ ಬಣ್ಣ ಇತ್ತಾ ಇದ್ಕೆ!" ಎಂದು ಮಗುವಿನಂತೆ ನಕ್ಕರು.

ನಮ್ಮನ್ನು ಕರೆದುಕೊಂಡು ಬಂದಿದ್ದ ಪ್ರಾಣಿಶಾಸ್ತ್ರದ ಮೇಡಂ ಖಾಲಿ ಜಾಡಿ ಚಾಚಿದರು. "ಹಿಡೀರಿ, ಲ್ಯಾಬಿಗೆ ಹೊಸದೊಂದು ಬೇಕು."

ಅಣ್ಣ ಹಿಡಿದರು. ಮೇಲಕ್ಕೆತ್ತಿ ನೋಡುತ್ತಲೇ ನಿಂತರು. "ಮೇಡಂ, ಬಾಟ್ಲಿಗಾಕಿದ್ರೆ ಇದೂ ಅಂಗೇ ಬೆಳ್ಳಗಾಯ್ತದೆ. ಇರೋದೊಂದು ಸಾಕು, ಬುಟ್ಬುಡಾಣ."

ಅವರು ಮೇಡಂಗೆ ಎದುರು ಹೇಳಿದ್ದನ್ನು ನಾವು ಕಂಡಿದ್ದು ಅದೇ ಮೊದಲು. ಮೇಡಂ ಖಾಲಿ ಜಾಡಿಯ ಮುಚ್ಚಳವನ್ನು ತಿರುಗಿಸಿ ಮುಚ್ಚಿ, "ಸರಿ, ಬಿಡಿ" ಎಂದು ನಕ್ಕುಬಿಟ್ಟರು. ಏಡಿ ಅಣ್ಣನ ಹೆಬ್ಬೆರಳಿಗೊಮ್ಮೆ ಕಚ್ಚಿ, ಅಡ್ಡಡ್ಡ ಓಡಿ ಮಾಯವಾಯಿತು. ಆ ಗಾಯವನ್ನು ವಾಪಸು ಬರುವಾಗ ಬಸ್ಸಿನಲ್ಲಿದ್ದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು!

ಮಗಳ ಲ್ಯಾಬಿನಿಂದ ಬಂದವಳೇ ಕಾಲೇಜಿನ ಹಳೆಯ ಗೆಳತಿಗೆ ಫೋನು ಮಾಡಿದೆ. ಅಣ್ಣ ತೀರಿಕೊಂಡು ಎರಡು ವರ್ಷವಾಯಿತಂತೆ. ಭಾನುವಾರ ಮಗಳೊಂದಿಗೆ ಅವರ ಮನೆ ಹುಡುಕಿಕೊಂಡು ಹೋದೆ. ನಾನು ಯಾರೆಂದು ಅವರ ಹೆಂಡತಿಗೆ ಗೊತ್ತಾಗಲಿಲ್ಲ. ಗೋಕರ್ಣದ ವಿಷಯ ಎತ್ತಿದ್ದೇ ತಡ, ಮುಖ ಅರಳಿತು.

"ಅಯ್ಯೋ, ಪ್ರಿನ್ಸಿಪಾಲ್ರ ಬಾಗ್ಲಲ್ಲಿ ಕೂತಿದ್ ಉಡುಗೀನಾ ನೀನು! ಊಟ ಮಾಡ್ದೆ ಓಗಂಗಿಲ್ಲ."

"ಅಣ್ಣ ಇದ್ದಾಗ್ಲೇ ಬರ್ಬೇಕಿತ್ತಮ್ಮ…" ಎಂದೆ.

ಅವರು ನನ್ನನ್ನು ಊಟಕ್ಕೆ ಕೂರಿಸಿದರು. ನನ್ನ ಪಕ್ಕದಲ್ಲಿ ಮಗಳಿಗೂ ಒಂದು ತಟ್ಟೆ ಇಟ್ಟರು.