ಅವಳನ್ನು ಮಾನೇಸರ್‌ಗೆ ಕರೆದುಕೊಂಡು ಹೋದ ಶನಿವಾರ

ಆ ದಿನ ದೆಹಲಿಯ ಧೌಲಾ ಕುವಾಂನಲ್ಲಿ ಬಸ್ಸು ಹತ್ತುವಾಗಲೇ ನನಗೆ ಭಯವಾಗಿತ್ತು ಎಂದು ಬರೆಯಲು ಹೊರಟೆ. ಅದು ಬಹುಶಃ ಸುಳ್ಳು. ಮುಂದೆ ಆದದ್ದು ಈಗ ಗೊತ್ತಿರುವುದರಿಂದ ಭಯವನ್ನು ಹಿಂದಕ್ಕೆಳೆದು ಬಸ್ಸಿಗೂ ಹತ್ತಿಸುತ್ತಿದ್ದೇನೆ. ಬಸ್ಸಿನಲ್ಲಿ ನಾವಿಬ್ಬರೂ ಹುರಿದ ಕಡಲೇಕಾಯಿ ತಿನ್ನುತ್ತ ಕೂತಿದ್ದೆವು. ಹೆದರಿದವರು ಅಷ್ಟು ತಿನ್ನುವುದಿಲ್ಲ.

ಎರಡು ಸಾವಿರದ ದಶಕದ ನಡುವಿನ ವರ್ಷಗಳು. ನಾನು ವಸಂತ್ ಕುಂಜ್‌ನ ಒಂದು ಫ್ಲ್ಯಾಟಿನಲ್ಲಿ ಕೋಣೆ ಹಿಡಿದು ಪಿಎಚ್‌ಡಿ ಮಾಡುತ್ತಿದ್ದೆ. ಕರೋಲ್ ಬಾಗ್‌ನ ಒಂದು ಹಾಲ್‌ನಲ್ಲಿ ಕನ್ನಡದ ಕುಟುಂಬಗಳು ಭಾನುವಾರ ಸೇರುತ್ತಿದ್ದವು. ಅಲ್ಲಿ ಹನ್ನೊಂದು, ಹನ್ನೆರಡನೇ ತರಗತಿಯ ಮಕ್ಕಳನ್ನು ಕೂರಿಸಿಕೊಂಡು, ಸ್ಕೂಲು ಮುಗಿದ ಮೇಲೆ ಏನು ಓದಬಹುದು, ಯಾವ ಕೆಲಸ ಹೇಗಿರುತ್ತದೆ ಎಂದು ಹೇಳುವುದು ನನ್ನ ಪಾಲಿಗೆ ಬಂದಿತ್ತು. ಹೇಳಿದರೆ ಸಾಲದು, ಕೆಲಸದ ಜಾಗವನ್ನೇ ತೋರಿಸಬೇಕು ಎಂದು ಹಟ ಮಾಡಿದವಳೂ ನಾನೇ. ಬ್ಯಾಂಕಿಗೆ, ಪತ್ರಿಕೆಯ ಕಚೇರಿಗೆ ಬರಲು ಗುಂಪೇ ಇತ್ತು. ಕಾರ್ಖಾನೆಗೆ ಕೈ ಎತ್ತಿದ್ದು ಒಬ್ಬಳೇ.

ಹದಿನೇಳರ ಹುಡುಗಿ. ತಗಡನ್ನು ಒತ್ತಿ ಕಾರಿನ ಬಾಗಿಲು ಮಾಡುತ್ತಾರಲ್ಲ, ಆ ಅಚ್ಚುಗಳನ್ನು, ಅಂದರೆ ಡೈಗಳನ್ನು, ತಯಾರಿಸುವ ಡಿಪ್ಲೊಮಾ ಮಾಡಬೇಕೆಂದು ಅವಳ ಆಸೆ. ಸರ್ಕಾರಿ ಕಚೇರಿಯಲ್ಲಿದ್ದ ಅವಳ ಅಪ್ಪನಿಗೆ ಮಗಳು ಡಾಕ್ಟರಾಗಬೇಕಿತ್ತು. ಅವರು ಒಮ್ಮೆ ಬೇಡ ಎಂದರೆ ಆ ಮನೆಯಲ್ಲಿ ಮಾತು ಅಲ್ಲಿಗೆ ಮುಗಿಯಿತು. ಆ ‘ಬೇಡ’ ಬರುವ ಮೊದಲು ಒಮ್ಮೆ ಕಣ್ಣಾರೆ ನೋಡಿಬಿಡಬೇಕು ಎಂದು ಅವಳು ಹೊರಟಿದ್ದಳು.

ದೆಹಲಿಯ ಕನ್ನಡದವರಿಗೆ ಒಂದು ಅಭ್ಯಾಸವಿದೆ. ತರಕಾರಿ ಭಯ್ಯಾನ ಎದುರು, ಆಟೋದಲ್ಲಿ, ಮನೆ ಮಾಲೀಕನ ಮುಂದೆ, ಗುಟ್ಟಿನ ಮಾತನ್ನೆಲ್ಲ ಕನ್ನಡದಲ್ಲಿ ಗಟ್ಟಿಯಾಗಿಯೇ ಆಡಿಬಿಡುತ್ತೇವೆ. ಮಾನೇಸರ್‌ನ ಕಾರು ಕಾರ್ಖಾನೆಯ ಗೇಟಿನಲ್ಲಿ ಆಫೀಸರ್ ಅವಳ ವಯಸ್ಸು ಕೇಳಿದಾಗ ನಾನೂ ಹಾಗೇ ಮಾಡಿದೆ. ಮುಖದಲ್ಲಿ ನಗು ಇಟ್ಟುಕೊಂಡೇ, “ಅಪ್ಪಂಗೆ ಹೇಳಿ ಬಂದಿದೀಯ ತಾನೇ?” ಎಂದು ಕೇಳಿದೆ.

ಇಲ್ಲಿ ಬೆಳೆದ ಮಕ್ಕಳಿಗೆ ಕನ್ನಡ ಕಿವಿಗೆ ಬರುತ್ತದೆ, ನಾಲಿಗೆಗೆ ಬರುವುದಿಲ್ಲ. ಅವಳು ಅಷ್ಟೇ ಗಟ್ಟಿಯಾಗಿ ಹಿಂದಿಯಲ್ಲಿ ಉತ್ತರ ಕೊಟ್ಟಳು. “ಆಪ್ ಭೀ ನಾ, ದೀದಿ! ಪಾಪಾ ಕೋ ಬೋಲಾ ಹೈ ಕೋಚಿಂಗ್ ಜಾ ರಹೀ ಹೂಂ.”

ಕೋಚಿಂಗ್ ಕ್ಲಾಸಿಗೆಂದು ಅಪ್ಪನಿಗೆ ಹೇಳಿ ಬಂದಿದ್ದಾಳೆ ಎಂದು ನನಗೂ ಆಫೀಸರಿಗೂ ಒಟ್ಟಿಗೇ ಗೊತ್ತಾಯಿತು. ಹುಡುಗಿಯ ಅಪ್ಪ ಪೊಲೀಸರನ್ನು ಕರೆತಂದರೆ ಎಂದು ಆತ ಹೆದರಿದ. “ಮೇಡಂ, ಬಚ್ಚೀ ಕಾ ಬಾಪ್ ಪೊಲೀಸ್ ಲೇಕರ್ ಆ ಗಯಾ ತೋ?” ಎನ್ನುತ್ತಲೇ ಫೋನನ್ನು ಅವಳ ಮುಂದೆ ತಳ್ಳಿದ. ಅವಳು ನಂಬರ್ ಹೇಳಿದಳು. ಅಪ್ಪ ಬರುವವರೆಗೆ ನಮ್ಮನ್ನು ಗೇಟಿನ ಕೋಣೆಯಲ್ಲಿ ಕೂರಿಸಿದರು.

ಅರ್ಧ ದಿನ ಕಾದಂತೆ ನೆನಪು, ಅಷ್ಟು ಇರಲಾರದು. ಹೊರಗೆ ಟ್ರಕ್ಕುಗಳು ಧೂಳೆಬ್ಬಿಸುತ್ತಿದ್ದವು. ಗಾಡಿ ನಿಂತ ಸದ್ದಾದಾಗಲೆಲ್ಲ ನಾನು ಎದ್ದು ಬಾಗಿಲಿಗೆ ಬಂದು ನೋಡುತ್ತಿದ್ದೆ. ನಾನು ಏನೆಂದು ಹೇಳಲಿ? ಯಾರ ಮಗಳನ್ನೋ ಯಾವ ಊರಿಗೋ ಕರೆತಂದವಳು ನಾನು. ಅವಳು ಬ್ಯಾಗನ್ನು ಅವಚಿಕೊಂಡು, ಇನ್ನು ಎಲ್ಲ ಮುಗಿಯಿತು ಎಂದು ಒಮ್ಮೆ ಮಾತ್ರ ಬಾಯಿಬಿಟ್ಟಳು: “ಅಬ್ ಸಬ್ ಖತಮ್.”

ಅಪ್ಪ ಕಾರಿನಿಂದಿಳಿದು ನೇರ ನನ್ನ ಹತ್ತಿರ ಬಂದರು. “ಏನಮ್ಮಾ, ನೀವು ಓದಿದೋರು. ನಿಮ್ಮ ತಂಗಿ ಆಗಿದ್ರೂ ಹೀಗೇ ಕರ್ಕೊಂಡು ಬರ್ತಿದ್ರಾ?”

“ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ ಅಂಕಲ್.”

“ಅಂದ್ಕೊಂಡಿದ್ರಿ!” ಎಂದು ಮಗಳ ಕಡೆ ತಿರುಗಿದರು. “ಸುಳ್ಳು ಹೇಳ್ಕೊಂಡು ಬರೋ ಅಂಥದ್ದು ಏನೇ ಇದೆ ಇಲ್ಲಿ?”

“ಅಭೀ ತಕ್ ತೋ ಮೈನೇ ಭೀ ನಹೀ ದೇಖಾ, ಪಾಪಾ.” ತಾನೇ ಇನ್ನೂ ನೋಡಿಲ್ಲ ಎನ್ನುವಾಗ ಅವಳ ದನಿ ಒಡೆಯಿತು.

ಅವರು ಅವಳನ್ನೊಮ್ಮೆ ನೋಡಿದರು. ಆಮೇಲೆ ಆಫೀಸರಿಗೆ, “ಚಲೋ, ದಿಖಾಯಿಯೇ,” ಎಂದು ತೋರಿಸಲು ಹೇಳಿದರು.

ತಗಡು ಒತ್ತುವ ಪ್ರೆಸ್ಸುಗಳ ಸದ್ದು ನೆಲದಿಂದ ಕಾಲಿಗೆ ಏರುತ್ತಿತ್ತು. ಆ ದಿನ ಬರೆದ ನನ್ನ ಡೈರಿಯಲ್ಲಿ ಅದರ ಬಗ್ಗೆ ಒಂದು ಮಾತೂ ಇಲ್ಲ. ಈಗ ಎಲ್ಲಕ್ಕಿಂತ ಮೊದಲು ನೆನಪಾಗುವುದು ಅದೇ. ಎರಡು ಕೈಯಲ್ಲಿ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ ಇಳಿಯುತ್ತದೆ, ಹಾಗಾಗಿ ಕೈ ಕೆಳಗೆ ಸಿಗುವ ಪ್ರಶ್ನೆಯೇ ಇಲ್ಲ ಎಂದು ಆಫೀಸರ್ ವಿವರಿಸುತ್ತಿದ್ದ. ಅಪ್ಪ ಒಂದು ಯಂತ್ರದ ಕಡೆ ಬೆರಳು ತೋರಿದರು. ಅಲ್ಲಿ ಒಂದು ಗುಂಡಿ ಸದಾ ಒತ್ತಿಕೊಂಡೇ ಇರುವಂತೆ ಅದಕ್ಕೆ ಟೇಪು ಸುತ್ತಿದ್ದರು. ಕೆಲಸ ಬೇಗ ಸಾಗಲೆಂದು ಆ ಕೆಲಸಗಾರ ಬಿಡುವಾದ ಕೈಯಿಂದ ತಗಡು ತಳ್ಳುತ್ತಿದ್ದ. ಆಫೀಸರ್ ಅವನ ಮೇಲೆ ಕೂಗಾಡಿದ.

ಡೈ ಮಾಡುವ ವಿಭಾಗ ಪಕ್ಕದಲ್ಲೇ ಇತ್ತು, ಸದ್ದು ಕಡಿಮೆ. ಅವಳು ಒಂದು ಅಚ್ಚಿನ ಅಂಚಿನ ಮೇಲೆ ಬೆರಳಾಡಿಸುತ್ತ ಅಲ್ಲಿನವರಿಗೆ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದಳು. ಭಾನುವಾರಗಳಲ್ಲಿ ಇವಳು ಇಷ್ಟು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಅಪ್ಪ ಅವಳ ಬೆರಳನ್ನೇ ನೋಡುತ್ತಿದ್ದರು.

ವಾಪಸಾಗುವಾಗ ಅವರು ಕಾರು ಓಡಿಸುತ್ತಲೇ ಕೇಳಿದರು. “ನೀವೇ ಹೇಳಿ. ಈ ಕೆಲಸಕ್ಕೆ ಹೋದ್ರೆ ಇವಳ ಕೈ ಕ್ಷೇಮವಾಗಿರುತ್ತಾ? ನೀವು ಹೂಂ ಅಂದ್ರೆ ನಾನು ಬೇಡ ಅನ್ನಲ್ಲ.”

ಇದರ ಮುಂದೆ ಗೇಟಿನ ಕೋಣೆಯಲ್ಲಿ ಆದದ್ದು ಭಯವೇ ಅಲ್ಲ ಎನ್ನಿಸಿತು. ಯಾವ ಕೋರ್ಸು, ಎಷ್ಟು ವರ್ಷ, ಮುಂದೆ ಏನು ಸಿಗುತ್ತದೆ, ಎಲ್ಲ ನನ್ನ ನಾಲಿಗೆಯ ತುದಿಯಲ್ಲಿತ್ತು. ಕೈಯ ಕ್ಷೇಮವನ್ನು ಮಾತ್ರ ಈವರೆಗೆ ಯಾರೂ ಕೇಳಿರಲಿಲ್ಲ. ಒಂದು ‘ಹೂಂ’ ಅಂದರೆ ಅವಳಿಗೆ ಬೇಕಾದದ್ದು ಸಿಗುತ್ತಿತ್ತು. ಮುಂದಿನ ಸೀಟಿನಲ್ಲಿ ಅವಳು ಉಸಿರು ಬಿಗಿಹಿಡಿದದ್ದು ಹಿಂದಿನಿಂದಲೇ ಕಾಣುತ್ತಿತ್ತು. ಕಂಡಿತೇ, ಅಥವಾ ಈಗ ಕಾಣುತ್ತಿದ್ದೇನೆಯೇ?

“ಗೊತ್ತಿಲ್ಲ ಅಂಕಲ್,” ಎಂದೆ.

“ದೀದಿ!” ಎಂದು ಅವಳು ತಿರುಗಿದಳು. ಆ ಮುಖವನ್ನು ಮಾತ್ರ ನಾನು ಕಲ್ಪಿಸಿಕೊಂಡಿಲ್ಲ.

ಗುಡಗಾಂವ್ ದಾಟಿದ ಮೇಲೆ ಅಪ್ಪನೇ, “ಸರಿ, ಗೊತ್ತಿರೋರನ್ನ ಕೇಳೋಣ,” ಎಂದರು. ಮುಂದಿನ ವಾರ ರಜೆ ಹಾಕಿ ಮಗಳನ್ನು ಆ ಡಿಪ್ಲೊಮಾ ಕಲಿಸುವ ಸಂಸ್ಥೆಗೆ ಕರೆದುಕೊಂಡು ಹೋದರಂತೆ. ಕೆಲವು ದಿನಗಳ ನಂತರ ನನಗೆ ಫೋನ್ ಮಾಡಿದರು.

“ಡೈ ಕೆಲಸದಲ್ಲಿ ಅಪಾಯ ಇಲ್ಲ ಅಂದ್ರು ಅಲ್ಲಿನ ಮೇಷ್ಟ್ರು. ಅವರ ಬಲಗೈಯಲ್ಲಿ ನಾಲ್ಕೇ ಬೆರಳಿತ್ತು.”

“ಮತ್ತೆ, ಅಂಕಲ್?”

“ಮತ್ತೇನು, ಅದನ್ನ ಇವಳೂ ನೋಡಿದ್ಳು. ನೋಡಿದ ಮೇಲೂ ಬೇಕು ಅಂದ್ಳು. ಅರ್ಜಿಗೆ ಸಹಿ ಹಾಕ್ದೆ. ಇನ್ಮೇಲೆ ನನ್ನ ಜೊತೆ ನೀವೂ ಹೆದರ್ಕೊಂಡಿರಿ.”