ಗದ್ದೆಯಲ್ಲಿ ಕಲಿತ ಹಾಡು

ಯಾದಗಿರಿಯ ಯುವಜನ ಸಮ್ಮೇಳನಕ್ಕೆ ನಮ್ಮ ಚರ್ಚಿನ ಹುಡುಗಿಯರಿಗೆ ಒಂದು ಹಾಡು ಕಲಿಸಬೇಕಿತ್ತು. ಅಷ್ಟರಲ್ಲಿ ಕೆನಾಲ್‌ಗೆ ನೀರು ಬಿಟ್ಟರು, ಎಲ್ಲರೂ ಭತ್ತದ ನಾಟಿಗೆ ಹೋದರು. ಖಾಲಿ ಬೆಂಚುಗಳ ಮುಂದೆ ಕೂತು ಸಾಕಾಗಿ ನಾನೇ ಗದ್ದೆಗೆ ಹೋದೆ.

“ಕೆಲಸ ನಿಲ್ಲಸಂಗಿಲ್ರಿ ಅಕ್ಕಾರ,” ಎಂದಳು ಕೂಲಿ ಗುಂಪಿನ ಹಿರಿಯಳು ನಾಗಮ್ಮ. “ನೀವು ಬದುವಿನ ಮ್ಯಾಲ ನಿಂತು ಹೇಳ್ರಿ, ಅವ್ರು ಸಸಿ ಹಚ್ಚಿಕೋತ ಹಾಡ್ತಾರ.”

ವಾರವಿಡೀ ಬಿಸಿಲಲ್ಲಿ ನಿಂತು ಗಂಟಲು ಹರಿದುಕೊಂಡೆ. ಹಾಡೇನೋ ಬಂತು.

ಹೊರಡುವ ಹಿಂದಿನ ದಿನ ಚರ್ಚಿನಲ್ಲಿ ಸಾಲಾಗಿ ನಿಲ್ಲಿಸಿ ಹಾಡಿಸಿದೆ. ಒಂದೊಂದು ಸಾಲಿಗೂ ಎಲ್ಲರೂ ಒಟ್ಟಿಗೆ ಒಂದು ಹೆಜ್ಜೆ ಹಿಂದೆ ಸರಿದರು. ಹಾಡು ಮುಗಿಯುವಷ್ಟರಲ್ಲಿ ಬೆನ್ನು ಗೋಡೆಗೆ ಹತ್ತಿತ್ತು.

“ಹಿಂದ್ಯಾಕ ಸರಿಯಾಕತ್ತೀರಿ?” ಎಂದು ರೇಗಿದೆ.

“ಮುಂದ ಬಂದ್ರ ಹಚ್ಚಿದ ಸಸಿ ತುಳೀತೀವಲ್ರಿ ಅಕ್ಕಾರ,” ಎಂದಳು ಒಬ್ಬಳು.

ಬೈಯಲೂ ತ್ರಾಣವಿರಲಿಲ್ಲ. ಯಾದಗಿರಿಗೆ ಫೋನ್ ಮಾಡಿ, ವೇದಿಕೆಯ ಹಿಂದೆ ಗೋಡೆ ಇದೆಯೇ ಎಂದಷ್ಟೇ ಕೇಳಿದೆ.