ಅತ್ತೆಯ ಹರಕೆ, ಅಕ್ಕನ ಉಪ್ಪು

ಕುರುಗೋಡಿನ ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲಿಗ ನಾನು. ಹೇಳಿಕೊಳ್ಳಲು ಸಂಕೋಚವಿಲ್ಲ, ನಾನು ಓದಲೆಂದು ಅಕ್ಕ ಶಾಲೆ ಬಿಟ್ಟು ಕಳೆ ಕೀಳಲು ಹೋಗಿದ್ದಳು. ಅರವತ್ತರ ದಶಕದ ಕೊನೆಗೆ ನಾನು ಬಳ್ಳಾರಿಯಲ್ಲಿ ಡಾಕ್ಟರಿಕೆ ಮುಗಿಸುವಷ್ಟರಲ್ಲಿ ಅವಳು ಸಿರುಗುಪ್ಪದ ಸೊಸೆಯಾಗಿದ್ದಳು, ಮೂರ್ಛೆರೋಗವೂ ಅಂಟಿಕೊಂಡಿತ್ತು. ಬಳ್ಳಾರಿಯ ಗಾಂಧಿನಗರದ ಹಿರಿಯ ಡಾಕ್ಟರೊಬ್ಬರು ಬ್ರೋಮೈಡ್ ಔಷಧ ಕೊಟ್ಟರು. ಮೂರ್ಛೆ ನಿಂತಿತು.

ನಿಲ್ಲಿಸಿದ್ದು ದೇವರೇ ಎಂದು ಅವಳ ಅತ್ತೆ ತೀರ್ಮಾನಿಸಿದರು. ಹರಕೆ ಹೊತ್ತು, ಸೊಸೆಗೆ ಉಪ್ಪು ಬಿಡಿಸಿದರು.

ಕೆಲವು ವಾರ ಕಳೆದು ನಾನು ಸಿರುಗುಪ್ಪಕ್ಕೆ ಹೋದಾಗ ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ನನ್ನ ಗುರುತು ಹತ್ತಲು ಬಹಳ ಹೊತ್ತು ಹಿಡಿಯಿತು. ನಾಲಗೆ ತೊದಲುತ್ತಿತ್ತು. ಅತ್ತೆಯ ಮುಖದಲ್ಲಿ ಮಾತ್ರ ಹಬ್ಬ.

"ನೋಡು ತಮ್ಮಾ, ಎಷ್ಟು ಶಾಂತ ಆಗ್ಯಾಳ! ಮದಲು ಒಂದಂದ್ರ ಹತ್ತು ಅಂತಿದ್ಲು. ಈಗ ಬಾಯೇ ಇಲ್ಲ."

ಪಕ್ಕದ ಮನೆಯಾಕೆ ಆಸೆಯಿಂದ ಕೇಳಿದಳು: "ಯಕ್ಕಾ, ಯಾವ ದೇವ್ರಿಗೆ ಹೊತ್ತೀರಿ? ನಮ್ಮ ಸೊಸಿಗೂ ಬೇಕಾಗಿತ್ತು."

ನಾನು ಪಾಠ ಶುರು ಮಾಡಿದೆ. ಮಿದುಳಿನ ಜೀವಕೋಶಗಳು ಒಂದಕ್ಕೊಂದು 'ಏಳು' ಎಂದೂ ಹೇಳುತ್ತವೆ, 'ಸುಮ್ಮನಿರು' ಎಂದೂ ಹೇಳುತ್ತವೆ. 'ಸುಮ್ಮನಿರು' ಎಂಬ ಸಂದೇಶ ಬಂದಾಗ ಕೋಶದ ಸಣ್ಣ ಬಾಗಿಲುಗಳು ತೆರೆದು, ಉಪ್ಪಿನಲ್ಲಿರುವ ಕ್ಲೋರೈಡ್ ಅಯಾನು ಋಣ ವಿದ್ಯುತ್ತನ್ನು ಹೊತ್ತು ಒಳಗೆ ಹೋಗುತ್ತದೆ, ಕೋಶ ತೆಪ್ಪಗಾಗುತ್ತದೆ. ಬ್ರೋಮೈಡು ಕ್ಲೋರೈಡಿನ ದಾಯಾದಿ. ಅದೇ ಬಾಗಿಲಲ್ಲಿ ಇನ್ನೂ ಸಲೀಸಾಗಿ ನುಗ್ಗಿ, ಇನ್ನೂ ಗಟ್ಟಿಯಾಗಿ ಬಾಯಿ ಮುಚ್ಚಿಸುತ್ತದೆ. ಮೂರ್ಛೆ ನಿಲ್ಲುವುದು ಹೀಗೆ. ಆದರೆ ಊಟದಲ್ಲಿ ಉಪ್ಪು ನಿಂತರೆ ಮೂತ್ರಪಿಂಡ ಬ್ರೋಮೈಡನ್ನೂ ಹೊರಗೆ ಬಿಡದೆ ಕೂಡಿಡುತ್ತದೆ. ಆಗ ಮೂರ್ಛೆಯ ಜೊತೆಗೆ ಬುದ್ಧಿಯೂ ಸುಮ್ಮನಾಗುತ್ತದೆ.

"ಅಕ್ಕಗ ಶಾಂತಿ ಬಂದಿಲ್ರಿ, ವಿಷ ಏರೈತಿ. ಹಿಂಗೇ ಬಿಟ್ರ ಒಂದಿನ ಎಚ್ಚರಾನೇ ಆಗಂಗಿಲ್ಲ. ಉಪ್ಪು ಕೊಡ್ರಿ."

"ಹರಕಿ ಮುರಿದ್ರ ದೇವ್ರು ಬಿಡ್ತಾನೇನು? ನಿನ್ನ ಡಿಗ್ರಿ ದೊಡ್ಡದೋ, ದೇವ್ರು ದೊಡ್ಡಾಂವೋ?"

ಅಕ್ಕನ ಗಂಡನ ಕಡೆ ನೋಡಿದೆ. ಆತ ಮಾಳಿಗೆಯ ಜಂತಿ ಎಣಿಸುತ್ತಿದ್ದ.

ಬಳ್ಳಾರಿಯ ಓದು ಅಲ್ಲಿ ಕವಡೆಯ ಬೆಲೆ ಬಾಳಲಿಲ್ಲ. ಕುರುಗೋಡಿನ ಬುದ್ಧಿ ಹೊರತೆಗೆದೆ.

"ಹರಕಿ ಹೊತ್ತೋರು ಯಾರ್ರಿ?"

"ನಾನ ಹೊತ್ತೀನಿ."

"ಹಂಗಾದ್ರ ಉಪ್ಪು ಬಿಡಬೇಕಾದವರೂ ನೀವ. ಒಬ್ರು ಹೊತ್ತ ಹರಕಿ ಇನ್ನೊಬ್ರು ಉಂಡು ತೀರಿಸಾಕ ಬರ್ತೈತೇನ್ರಿ?"

"ಖರೇನಪ್ಪಾ!" ಎಂದುಬಿಟ್ಟಳು ಪಕ್ಕದ ಮನೆಯಾಕೆ. ಅವಳ ಎದುರು ಅತ್ತೆ ಒಪ್ಪಲೇಬೇಕಾಯಿತು. ಅಕ್ಕನನ್ನು ಆಗಲೇ ಬಳ್ಳಾರಿ ಬಸ್ಸು ಹತ್ತಿಸಿದೆ. ಗಾಂಧಿನಗರದ ಡಾಕ್ಟರು ಬ್ರೋಮೈಡ್ ನಿಲ್ಲಿಸಿ, ಬೇರೆ ಗುಳಿಗೆ ಬರೆದು, ಉಪ್ಪಿನ ನೀರು ಕೊಡಿಸಿದರು. ಇತ್ತ ಅತ್ತೆಯ ಸಪ್ಪೆ ಊಟ ಮರುದಿನವೇ ಮುಗಿಯಿತಂತೆ. ಮಧ್ಯಾಹ್ನದ ನಿದ್ದೆಯಲ್ಲಿ ದೇವರು ಬಂದು 'ಸಾಕು' ಎಂದನಂತೆ.

ಅಕ್ಕ ತಿಳಿಯಾಗಲು ವಾರಗಳೇ ಹಿಡಿದವು. ಮೂರ್ಛೆ ಮರಳಲಿಲ್ಲ, ಮಾತು ಮರಳಿತು. ಮತ್ತೆ ಸಿರುಗುಪ್ಪಕ್ಕೆ ಹೋದಾಗ ಹೊಸ್ತಿಲಲ್ಲೇ ತಡೆದಳು: "ಏನಲೇ, ಡಾಕ್ಟರ್ ಆದ ಮ್ಯಾಲ ಅಕ್ಕನ ಮನಿ ದಾರಿ ಮರ್ತಿ ಏನು?" ಪಾಸಾದ ದಿನವೂ ನನಗೆ ಅಷ್ಟು ಸಂತೋಷ ಆಗಿರಲಿಲ್ಲ. ಒಳಗೆ ಅತ್ತೆಗೂ ಮಾತಿಗೆ ಮಾತು ಬಡ್ಡಿ ಸಮೇತ ಸಲ್ಲುತ್ತಿತ್ತು.

ಹೊರಟಾಗ ಅತ್ತೆ ಬಾಗಿಲವರೆಗೂ ಬಂದು, ಹಿಂದೆ ಮುಂದೆ ನೋಡಿ, ದನಿ ತಗ್ಗಿಸಿದರು:

"ತಮ್ಮಾ, ಅಕಿಗೆ ಅರ್ಧ ಉಪ್ಪು ಹಾಕಿದ್ರ ನಡೆಯಂಗಿಲ್ಲೇನು?"